ಕೊನೆಗೆ ಉಂಡವರು

ಬೂಷ್ಟು ಎಂದರೇನೆಂದು ಮನೆ ನಡೆಸುವ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ನಾಲ್ಕು ದಿನ ಬಿಸಿಲು ಕಾಣದಿದ್ದರೆ ಸಾಕು, ಉಪ್ಪಿನಕಾಯಿ ಜಾಡಿಯ ಬಾಯಲ್ಲಿ, ಬೀರುವಿನೊಳಗಿನ ಚರ್ಮದ ಪರ್ಸಿನ ಮೇಲೆ, ಮರೆತು ಉಳಿದ ತೆಂಗಿನಕಾಯಿ ಹೋಳಿನೊಳಗೆ ಅದು ಹಾಜರಾಗಿರುತ್ತದೆ. ನಾನಿಲ್ಲಿ ಬರೆಯಹೊರಟಿರುವ ಲೋಳೆಬೂಷ್ಟಿಗೆ ಹೆಸರಿನಲ್ಲಷ್ಟೇ ಆ ನಂಟು. ಕೊಳೆತ ಮರ, ತರಗೆಲೆ, ಹಸಿ ತೊಗಟೆ ಇದರ ಮನೆ. ಮಳೆ ಬಿದ್ದ ಮೇಲೆ ಅರಿಶಿನ ಕದಡಿ ಚೆಲ್ಲಿದ ಹಾಗೋ, ಹಾಲಿನ ಕೆನೆ ಹರಡಿದ ಹಾಗೋ ಕಾಣಿಸಿಕೊಳ್ಳುತ್ತದೆ. ಎರಡು ದಿನ ಬಿಟ್ಟು ನೋಡಿದರೆ ಆ ಲೋಳೆಯೆಲ್ಲ ಮಾಯವಾಗಿ, ಗುಂಡುಸೂಜಿ ತಲೆಯಂಥ ಪುಟ್ಟ ಪುಟ್ಟ ಕಾಯಿಗಳು ನಿಂತಿರುತ್ತವೆ. ಒಡೆದರೆ ಪುಡಿ. ಆ ಪುಡಿಯೇ ಬೀಜಾಣು.

ಪುಡಿ ಉದುರಿಸುವುದನ್ನು ಕಂಡು ಹಿಂದಿನವರು ಇದನ್ನು ಅಣಬೆಯ ಜಾತಿಗೆ ಸೇರಿಸಿದ್ದರು. ಆದರೆ ಕಾಯಿ ಬಿಡುವುದಕ್ಕೆ ಮುಂಚೆ ಅದು ನಡೆದಾಡುತ್ತದೆ! ಬಹಳ ನಿಧಾನವಾಗಿ ಹರಿಯುತ್ತ, ಸಿಕ್ಕ ಬ್ಯಾಕ್ಟೀರಿಯಾಗಳನ್ನು ನುಂಗುತ್ತ ಸಾಗುತ್ತದೆ. ಅಣಬೆ ಎಲ್ಲಾದರೂ ನಡೆಯುವುದುಂಟೆ? ಜರ್ಮನಿಯ ಆಂಟನ್ ಡಿ ಬಾರಿ ಎಂಬ ವಿದ್ವಾಂಸ 1859ರಲ್ಲಿ ಈ ಜೀವಿಗಳಿಗೆ ಅಣಬೆ-ಪ್ರಾಣಿಗಳು ಎಂಬ ಅರ್ಥ ಬರುವ ಹೆಸರಿಟ್ಟು ಎರಡು ದೋಣಿಯಲ್ಲಿ ಕಾಲಿಟ್ಟ. ಸಸ್ಯದವರು ನಮ್ಮದು ಎಂದರು, ಪ್ರಾಣಿಯವರು ನಮ್ಮದು ಎಂದರು. ಕೆಲವು ಕಾಲ ಇಬ್ಬರೂ ನಮ್ಮದಲ್ಲ ಎಂದರು. ಈಗ ಅಮೀಬಾಗಳ ಬಳಗಕ್ಕೆ ಸೇರಿಸಿದ್ದಾರೆ. ಜಗತ್ತಿನಲ್ಲಿ ಇಂಥವು ಸಾವಿರಕ್ಕೂ ಹೆಚ್ಚು ಬಗೆ ಪತ್ತೆಯಾಗಿವೆ.

ನಾನು ಓದಿದ್ದು ಬಿ.ಎ., ಬಿ.ಎಡ್. ಪಾಠ ಹೇಳುವುದು ಸಮಾಜ ವಿಜ್ಞಾನ. ಇಂಥ ವಿಷಯಕ್ಕೆ ನನಗೇನು ಕೆಲಸ ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ಕೇಳಿದವರಿದ್ದಾರೆ. ವಿಜ್ಞಾನದ ಮೇಡಂ ರಜೆಯಲ್ಲಿದ್ದ ಒಂದು ದಿನ ಅವರ ಪೀರಿಯಡ್ಡು ನನ್ನ ಪಾಲಿಗೆ ಬಂತು. ಜ್ಞಾನಭಾರತಿಯ ಹತ್ತಿರ ಮನೆಯಿರುವ ಹುಡುಗಿಯೊಬ್ಬಳು ಹಳದಿ ಲೋಳೆ ಹತ್ತಿದ ತೊಗಟೆಯೊಂದನ್ನು ಟಿಫನ್ ಡಬ್ಬಿಯಲ್ಲಿ ತಂದಿದ್ದಳು. “ಇದು ಯಾವ ಜಾತಿ ಮಿಸ್?” ಎಂದು ಅವಳು ಕೇಳಿದ್ದಕ್ಕೆ ಉತ್ತರ ಹುಡುಕುತ್ತ ಹೋದೆ. ನನ್ನದು ಚರಿತ್ರೆಯ ಬುದ್ಧಿ, ಹೀಗಾಗಿ ಜಾತಿಗಿಂತ ಹೆಚ್ಚಾಗಿ ಇನ್ನೊಂದು ಪ್ರಶ್ನೆ ನನ್ನನ್ನು ಹಿಡಿಯಿತು. ಕಾಡಿನಲ್ಲಿ ಹುಲಿ ಎಣಿಸುತ್ತಾರೆ, ಆನೆ ಎಣಿಸುತ್ತಾರೆ, ಪೇಪರಿನಲ್ಲಿ ಫೋಟೋ ಬರುತ್ತದೆ. ಬಗ್ಗಿ ನೋಡದೆ ಕಾಣದ ಈ ಜೀವಿಯನ್ನು ಕೂತು ಎಣಿಸಿದವರು ಯಾರು? ಯಾಕಾಗಿ?

ಮೊದಲು ಎದುರಾದವರು ಒಬ್ಬ ಹೆಂಗಸು. ಗುಲಿಯೆಲ್ಮಾ ಲಿಸ್ಟರ್ ಎಂದು ಹೆಸರು. ಹುಟ್ಟಿದ್ದು 1860ರಲ್ಲಿ, ಲಂಡನ್ನಿನ ಪಕ್ಕದ ಲೇಟನ್‌ಸ್ಟೋನ್‌ನಲ್ಲಿ. ತಂದೆ ಆರ್ಥರ್ ಲಿಸ್ಟರ್ ದ್ರಾಕ್ಷಾರಸದ ವ್ಯಾಪಾರಿ. ದೊಡ್ಡಪ್ಪ ಜೋಸೆಫ್ ಲಿಸ್ಟರ್, ಶಸ್ತ್ರಚಿಕಿತ್ಸೆಯಲ್ಲಿ ಗಾಯ ಕೀವಾಗದಂತೆ ನಂಜುನಿವಾರಕ ಬಳಸುವುದನ್ನು ಕಲಿಸಿದ ಪ್ರಸಿದ್ಧ ವೈದ್ಯ. ಇಂಥ ಮನೆಯಲ್ಲಿ ಹುಟ್ಟಿದರೂ ಈಕೆಯ ವಿದ್ಯಾಭ್ಯಾಸವೆಲ್ಲ ಮನೆಯಲ್ಲೇ. ಬೆಡ್‌ಫರ್ಡ್ ಕಾಲೇಜಿಗೆ ಹೋದದ್ದು ಒಂದೇ ಒಂದು ವರ್ಷ. ತಂದೆಗೆ ಲೋಳೆಬೂಷ್ಟಿನ ಗೀಳು ಹಿಡಿದಾಗ ಮಗಳು ಜೊತೆಗೂಡಿದಳು. ಕಾಡಿನಿಂದ ತರುವುದು, ಒಣಗಿಸುವುದು, ಸೂಕ್ಷ್ಮದರ್ಶಕದಲ್ಲಿ ನೋಡಿ ಬಣ್ಣದಲ್ಲಿ ಚಿತ್ರ ಬರೆಯುವುದು ಅವಳ ಕೆಲಸವಾಯಿತು. 1894ರಲ್ಲಿ ಈ ಜೀವಿಗಳನ್ನು ಕುರಿತ ದೊಡ್ಡ ಗ್ರಂಥ ಹೊರಬಂದಾಗ ಲೇಖಕರ ಸ್ಥಾನದಲ್ಲಿದ್ದದ್ದು ತಂದೆಯ ಹೆಸರು.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಗಂಡನ ಅಂಗಡಿ ಲೆಕ್ಕ ಬರೆದು, ಮಾವನವರ ಪತ್ರವ್ಯವಹಾರ ನೋಡಿಕೊಂಡು, ಬೋರ್ಡಿನ ಮೇಲೆ ಹೆಸರಿಲ್ಲದೆ ಉಳಿದ ಎಷ್ಟು ಜನ ನಮ್ಮ ವಠಾರಗಳಲ್ಲೂ ಇರಲಿಲ್ಲ? ಆದರೆ ಈಕೆ ಅಲ್ಲಿಗೆ ನಿಲ್ಲಲಿಲ್ಲ. 1904ರ ಕೊನೆಯಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿ ಮೊಟ್ಟಮೊದಲ ಬಾರಿಗೆ ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಂಡಾಗ ಆ ಮೊದಲ ತಂಡದಲ್ಲಿ ಗುಲಿಯೆಲ್ಮಾ ಇದ್ದರು. 1908ರಲ್ಲಿ ತಂದೆ ತೀರಿಕೊಂಡರು. 1911ರಲ್ಲಿ ಗ್ರಂಥದ ಎರಡನೆಯ ಮುದ್ರಣವನ್ನು ಪರಿಷ್ಕರಿಸಿ ತಂದವರು ಮಗಳು, 1925ರಲ್ಲಿ ಮೂರನೆಯದನ್ನೂ. ಬ್ರಿಟನ್ನಿನ ಅಣಬೆ ವಿಜ್ಞಾನಿಗಳ ಸಂಘಕ್ಕೆ 1912ರಲ್ಲಿ ಅಧ್ಯಕ್ಷರಾದರು. ಪದವಿ ಇಲ್ಲ, ಸಂಬಳವಿಲ್ಲ, ಮದುವೆಯೂ ಆಗಲಿಲ್ಲ. ಹತ್ತಿರದಲ್ಲೇ ಎಪ್ಪಿಂಗ್ ಕಾಡು ಇತ್ತು. ಲಂಡನ್ ಬೆಳೆಯುತ್ತ ಬಂದು ಆ ಕಾಡನ್ನು ಬೇಲಿ ಹಾಕಿ ನುಂಗುತ್ತಿದ್ದಾಗ ಜನ ಹೋರಾಡಿ 1878ರಲ್ಲಿ ಕಾನೂನಿನ ರಕ್ಷಣೆ ಕೊಡಿಸಿದ್ದರು. ಆ ಬೇಲಿಗಳು ಗೆದ್ದಿದ್ದರೆ ಗುಲಿಯೆಲ್ಮಾ ಅಲ್ಲಿ ಎಣಿಸುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. ಅವರು 1949ರಲ್ಲಿ ತೀರಿಕೊಂಡರು. ಅದೇ ವರ್ಷ ನಮ್ಮ ರಾಜಾಜಿನಗರಕ್ಕೆ ಅಡಿಗಲ್ಲು ಬಿತ್ತು. ಎರಡಕ್ಕೂ ಸಂಬಂಧವಿಲ್ಲ, ಇಸವಿಗಳನ್ನು ಗಂಟುಹಾಕುವುದು ಚರಿತ್ರೆ ಟೀಚರುಗಳ ಚಟ.

ಅವರಿಗೆ ದೂರದ ಜಪಾನಿನಿಂದ ಲೋಳೆಬೂಷ್ಟಿನ ಪೊಟ್ಟಣಗಳು ಅಂಚೆಯಲ್ಲಿ ಬರುತ್ತಿದ್ದವು. ಕಳಿಸುತ್ತಿದ್ದಾತ ಮಿನಾಕಾತಾ ಕುಮಾಗುಸು. ತನ್ನ ಮನೆಯ ಹಿತ್ತಲಿನ ಮರದಲ್ಲಿ ಆತ ಕಂಡ ಹೊಸ ಬಗೆಯೊಂದಕ್ಕೆ 1921ರಲ್ಲಿ ಗುಲಿಯೆಲ್ಮಾ ಅವನದೇ ಹೆಸರಿನಿಂದ ಮಿನಾಕಾಟೆಲ್ಲ ಎಂದು ನಾಮಕರಣ ಮಾಡಿದರು. ಈ ಮನುಷ್ಯನದು ಒಂದು ಕಾದಂಬರಿಗಾಗುವಷ್ಟು ಕಥೆ, ನನಗೆ ಬೇಕಾದ್ದು ಅದರಲ್ಲಿ ಒಂದು ಎಳೆ ಮಾತ್ರ. 1906ರಲ್ಲಿ ಜಪಾನ್ ಸರ್ಕಾರ ಹಳ್ಳಿ ಹಳ್ಳಿಯ ಸಣ್ಣ ಗುಡಿಗಳನ್ನು ಒಂದರೊಳಗೊಂದು ಸೇರಿಸಿಬಿಡಿ ಎಂದು ಆಜ್ಞೆ ಹೊರಡಿಸಿತು. ಗುಡಿ ಹೋದರೆ ಗುಡಿಯ ಸುತ್ತಲಿನ ದೇವರಕಾಡಿಗೆ ದಿಕ್ಕಿಲ್ಲ, ಕೊಡಲಿಯೇ ಗತಿ. ಕೊಡಗಿನ ದೇವರಕಾಡುಗಳನ್ನು ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಮಿನಾಕಾತಾ ಪತ್ರಿಕೆಗಳಲ್ಲಿ ಬರೆದ, ಕೂಗಾಡಿದ, 1910ರಲ್ಲಿ ಸಭೆಯೊಂದಕ್ಕೆ ನುಗ್ಗಿ ಜೈಲಿಗೂ ಹೋದ. ದೇವರ ಹೆಸರಿನಲ್ಲಿ ಉಳಿದಿದ್ದ ಕಾಡಿನೊಳಗೆ ದೇವರಿಗೂ ಪೂಜಾರಿಗೂ ಗೊತ್ತಿಲ್ಲದ ಎಷ್ಟೋ ಜೀವಗಳು ಬದುಕಿದ್ದವು. ಅವು ಅವನಿಗೆ ಗೊತ್ತಿದ್ದವು, ಹುಡುಕಿ ಕಂಡವನು ಅವನು ತಾನೆ?

ಮುಂದೆ 1929ರಲ್ಲಿ, ಸ್ವತಃ ಲೋಳೆಬೂಷ್ಟಿನ ಹುಚ್ಚಿದ್ದ ಚಕ್ರವರ್ತಿ ಹಿರೋಹಿತೋ ಆ ಕಡೆಗೆ ಬಂದಾಗ ಮಿನಾಕಾತಾನನ್ನು ಹಡಗಿಗೆ ಕರೆಸಿಕೊಂಡ. ಚಕ್ರವರ್ತಿಗೆ ಕೊಡುವ ಕಾಣಿಕೆಯೆಂದರೆ ಮರದ ಕುಸುರಿ ಪೆಟ್ಟಿಗೆಯಲ್ಲಿಟ್ಟು ಕೊಡಬೇಕು. ಈತ 110 ಮಾದರಿಗಳನ್ನು ಒಯ್ದದ್ದು ಮಕ್ಕಳ ಕ್ಯಾರಮೆಲ್ ಮಿಠಾಯಿಯ ಖಾಲಿ ಡಬ್ಬಿಗಳಲ್ಲಿ! ಬೆಳ್ಳಿ ಕುಂಕುಮದ ಭರಣಿಯೇ ಬೇಕೆಂದು ಹಟ ಹಿಡಿಯುವವರಿಗೆ ಈ ಕಥೆ ಹೇಳುತ್ತಿರುತ್ತೇನೆ.

ಜಪಾನಿಗೆ ಈ ಜೀವಿಯ ಮೇಲಿನ ಪ್ರೀತಿ ಹೋಗಿಲ್ಲ. 2010ರಲ್ಲಿ ಅಲ್ಲಿನ ವಿಜ್ಞಾನಿಗಳು ಟೋಕಿಯೋ ಸುತ್ತಲಿನ ಊರುಗಳಿರುವ ಜಾಗಗಳಲ್ಲಿ ಓಟ್ಸ್ ಕಾಳುಗಳನ್ನಿಟ್ಟು ಲೋಳೆಬೂಷ್ಟನ್ನು ಬಿಟ್ಟರು. ಸುಮಾರು ಒಂದು ದಿನದಲ್ಲಿ ಅದು ಕಾಳಿನಿಂದ ಕಾಳಿಗೆ ಎಳೆ ಎಳೆದು, ಎಂಜಿನಿಯರುಗಳು ಹಾಕಿದ ರೈಲುಮಾರ್ಗವನ್ನು ಬಹುಮಟ್ಟಿಗೆ ಹೋಲುವ ಜಾಲವನ್ನು ಹೆಣೆಯಿತು. ರಾಜಾಜಿನಗರದಿಂದ ಕೆಂಗೇರಿಗೆ ಮೆಟ್ರೋದಲ್ಲಿ ಹೋಗಬೇಕಾದರೆ ನಾವು ಮೆಜೆಸ್ಟಿಕ್ಕಿಗೆ ಹೋಗಿ ಹಸಿರಿನಿಂದ ನೇರಳೆಗೆ ಹಾರಬೇಕು. ಲೋಳೆಬೂಷ್ಟನ್ನು ಕೇಳಿದ್ದರೆ ಬಸವೇಶ್ವರನಗರದ ಮೇಲೆ ನೇರ ಹಾಯಿಸುತ್ತಿತ್ತೋ ಏನೋ!

ಇನ್ನು ನಮ್ಮ ಕಡೆಯ ಮಾತು. ಇಲ್ಲಿಯವರೆಗೆ ಹೇಳಿದ್ದು ಕಣ್ಣಿಗೆ ಕಾಣುವ ದೊಡ್ಡ ಲೋಳೆಬೂಷ್ಟುಗಳ ವಿಷಯ. ಮಣ್ಣಿನೊಳಗೆ ಇವುಗಳ ಸಣ್ಣ ನಂಟರ ಇನ್ನೊಂದು ಕವಲಿದೆ. 1869ರಲ್ಲಿ ಜರ್ಮನಿಯ ಬ್ರೆಫೆಲ್ಡ್ ಎಂಬಾತ ಕುದುರೆ ಲದ್ದಿಯಲ್ಲಿ ಮೊದಲು ಕಂಡದ್ದು ಇವನ್ನು. 1950ರ ದಶಕದಲ್ಲಿ ವಿ. ಅಗ್ನಿಹೋತ್ರುಡು ಎಂಬ ವಿಜ್ಞಾನಿ ದಕ್ಷಿಣ ಭಾರತದ ಲೋಳೆಬೂಷ್ಟುಗಳನ್ನು ಒಂದೊಂದಾಗಿ ಪಟ್ಟಿಮಾಡುತ್ತ ಲೇಖನಗಳನ್ನು ಬರೆದರು. ನಮ್ಮ ಸಸ್ಯಗಳ ಬೇರಿನ ಸುತ್ತಲಿನ ಮಣ್ಣಿನಲ್ಲಿ ಈ ಸಣ್ಣ ಕವಲಿನವೂ ಇವೆಯೆಂದು 1956ರಲ್ಲಿ ತೋರಿಸಿಕೊಟ್ಟರು. 1986ರಲ್ಲಿ ಅಮೆರಿಕದ ಜೇಮ್ಸ್ ಕ್ಯಾವೆಂಡರ್ ಮತ್ತು ನಮ್ಮ ಟಿ. ಎನ್. ಲಖನ್‌ಪಾಲ್ ಭಾರತದ ಕಾಡುಗಳ ಮಣ್ಣಿನಲ್ಲಿ ಇವು ಹೇಗೆ ಹಂಚಿಕೊಂಡಿವೆಯೆಂದು ಸಮೀಕ್ಷೆ ಪ್ರಕಟಿಸಿದರು.

ಈ ಸಮೀಕ್ಷೆ ನಡೆಸುವ ಕ್ರಮ ಕೇಳಿದರೆ ನಿಮಗೆ ಅಡುಗೆಮನೆಯಲ್ಲೇ ಇದ್ದಂತೆ ಅನ್ನಿಸೀತು. ಕಾಡಿನ ನೆಲದಿಂದ ಒಂದೆರಡು ಚಮಚ ಮಣ್ಣು ತರುತ್ತಾರೆ. ಒಣಹುಲ್ಲನ್ನು ಕುದಿಸಿ, ಸೋಸಿ, ಕಷಾಯ ತೆಗೆಯುತ್ತಾರೆ. ನಾವು ಪುಡ್ಡಿಂಗಿಗೆ ಹಾಕುವ ಚೈನಾ ಗ್ರಾಸ್ ಇದೆಯಲ್ಲ, ಅದೇ ಅಗರ್, ಅದನ್ನು ಕಷಾಯಕ್ಕೆ ಬೆರೆಸಿ ತಟ್ಟೆಯಲ್ಲಿ ಹೆಪ್ಪುಗಟ್ಟಲು ಬಿಡುತ್ತಾರೆ. ಮೇಲೆ ನೀರಿನಲ್ಲಿ ಕದಡಿದ ಮಣ್ಣು, ಜೊತೆಗೆ ಊಟಕ್ಕೆಂದು ಸ್ವಲ್ಪ ಬ್ಯಾಕ್ಟೀರಿಯಾ. ಕೆಲವು ದಿನಗಳಲ್ಲಿ ತಟ್ಟೆಯ ಮೇಲೆ ಕೂದಲಿನಷ್ಟು ತೆಳುವಾದ ದಂಟುಗಳು ಏಳುತ್ತವೆ. ಸೂಕ್ಷ್ಮದರ್ಶಕದಲ್ಲಿ ನೋಡಿ ಯಾವ ಬಗೆ, ಎಷ್ಟು ಎಂದು ಬರೆದುಕೊಳ್ಳುತ್ತಾರೆ.

ಈ ಕೆಲಸ ನಮ್ಮ ಮನೆಯ ಹಿಂದಣ ಬೀದಿಯಷ್ಟು ಹತ್ತಿರದಲ್ಲಿ ನಡೆದಿದೆ ಎಂದು ತಿಳಿದಾಗ ನನಗೆ ಬಹಳ ಹಿಗ್ಗಾಯಿತು. ಯಶವಂತಪುರದ ಬಳಿಯ ಟಾಟಾ ಇನ್‌ಸ್ಟಿಟ್ಯೂಟ್, ಎಂದರೆ ಭಾರತೀಯ ವಿಜ್ಞಾನ ಸಂಸ್ಥೆ, ನಾವು ದಿನವೂ ಬಸ್ಸಿನಲ್ಲಿ ದಾಟಿಹೋಗುವ ಜಾಗ. ಅಲ್ಲಿ ವಿದ್ಯಾನಂದ ನಂಜುಂಡಯ್ಯನವರು, ಭೌತಶಾಸ್ತ್ರದಿಂದ ಜೀವಶಾಸ್ತ್ರಕ್ಕೆ ಬಂದವರು, ವರ್ಷಗಟ್ಟಲೆ ಈ ಸಣ್ಣ ಕವಲಿನ ಬೆನ್ನುಹತ್ತಿದ್ದರು. ಮಾದರಿಗಾಗಿ ಅವರೂ ಅವರ ವಿದ್ಯಾರ್ಥಿಗಳೂ ಹೋದದ್ದು ಮುದುಮಲೆಗೆ. ನಮ್ಮ ಕೆಂಗೇರಿಯ ಮೇಲಿನ ಮೈಸೂರು ರಸ್ತೆಯನ್ನೇ ಹಿಡಿದು ಗುಂಡ್ಲುಪೇಟೆ ದಾಟಿ ಬಂಡೀಪುರದ ಕಾಡು ಮುಗಿದರೆ ಸಿಗುವುದೇ ಮುದುಮಲೆ. ತಮಿಳುನಾಡಿಗೆ ಸೇರಿದ್ದಾದರೂ ಆನೆಗಳಿಗೆ ಅದೂ ಬಂಡೀಪುರವೂ ಒಂದೇ ಮನೆ. 1940ರಿಂದಲೂ ಅದು ಅಭಯಾರಣ್ಯ. ಅಲ್ಲಿ 1988ರಲ್ಲಿ, ಆನೆಗಳ ಅಧ್ಯಯನಕ್ಕೆ ಹೆಸರಾದ ರಾಮನ್ ಸುಕುಮಾರ್ ಮತ್ತು ಸಂಗಡಿಗರು 50 ಹೆಕ್ಟೇರ್ ಕಾಡನ್ನು ಗುರುತುಮಾಡಿ, 25 ಸಾವಿರಕ್ಕೂ ಹೆಚ್ಚು ಗಿಡಮರಗಳಿಗೆ ಒಂದೊಂದಾಗಿ ಚೀಟಿ ಕಟ್ಟಿ, ಜನಗಣತಿಯಂತೆ ಲೆಕ್ಕ ಇಡಲು ತೊಡಗಿದ್ದರು. ಮರದ ಗಣತಿ ನಡೆಯುವ ಕಾಡಿನಲ್ಲಿ ಮಣ್ಣೊಳಗಿನವರ ಗಣತಿಯೂ ನಡೆಯಲೆಂದು ನಂಜುಂಡಯ್ಯನವರ ತಂಡ ಮಣ್ಣನ್ನೂ ಕಾಡುಪ್ರಾಣಿಗಳ ಲದ್ದಿ ಹಿಕ್ಕೆಗಳನ್ನೂ ತಂದಿತು.

ಅವರು ಕಂಡದ್ದನ್ನು ಹೇಳುವ ಮೊದಲು ಈ ಜೀವಿಯ ಬಾಳುವೆಯನ್ನು ತಿಳಿಯಬೇಕು. ಊಟ ಸಿಗುವವರೆಗೆ ಇವು ಒಂಟಿ ಅಮೀಬಾಗಳು. ಯಾರ ಹಂಗೂ ಇಲ್ಲ. ತಿನ್ನಲು ಏನೂ ಉಳಿಯದೆ ಬರ ಬಿದ್ದಾಗ ಒಂದು ಕರೆ ಹೊರಡುತ್ತದೆ. ಬಾಯಿಯಿಂದಲ್ಲ, ರಾಸಾಯನಿಕದಿಂದ. ಈ ಕರೆಯ ವಸ್ತುವಿಗೆ 1947ರಲ್ಲಿ ಅಮೆರಿಕದ ಜಾನ್ ಟೈಲರ್ ಬಾನರ್ ಎಂಬವರು ಅಕ್ರಾಸಿನ್ ಎಂದು ಹೆಸರಿಟ್ಟರು. ಹಳೆಯ ಇಂಗ್ಲಿಷ್ ಕಾವ್ಯವೊಂದರಲ್ಲಿ ಗಂಡಸರನ್ನು ಸೆಳೆದು ಮೃಗಗಳನ್ನಾಗಿಸುವ ಅಕ್ರಾಸಿಯಾ ಎಂಬ ಮಾಟಗಾತಿ ಇದ್ದಾಳಂತೆ. ಹಸಿದವರನ್ನು ಕೂಗಿ ಒಟ್ಟುಗೂಡಿಸುವವಳನ್ನು ತಾಯಿ ಎನ್ನದೆ ಮಾಟಗಾತಿ ಎಂದದ್ದು ನನಗೇನೂ ಹಿಡಿಸಲಿಲ್ಲ. 1967ರಲ್ಲಿ ಆ ವಸ್ತು ಯಾವುದೆಂದು ಗೊತ್ತಾಯಿತು. ಸೈಕ್ಲಿಕ್ ಎಎಂಪಿ ಎಂದು ಅದರ ಹೆಸರು. ನಮ್ಮ ಮೈಯೊಳಗೂ ಸುದ್ದಿ ಮುಟ್ಟಿಸುವ ಕೆಲಸ ಮಾಡುವ ವಸ್ತು ಅದು.

ಕರೆಗೆ ಓಗೊಟ್ಟು ಸಾವಿರಾರು ಅಮೀಬಾಗಳು ಒಂದೆಡೆ ಸೇರಿ, ಒಂದು ಪುಟ್ಟ ಹುಳುವಿನಂತಾಗಿ, ಬೆಳಕಿನ ಕಡೆಗೆ ತೆವಳುತ್ತವೆ. ತಕ್ಕ ಜಾಗ ಸಿಕ್ಕಲ್ಲಿ ದಂಟು ಎತ್ತಿ ನಿಲ್ಲುತ್ತವೆ. ತುದಿಯಲ್ಲಿ ಬೀಜಾಣುಗಳ ಉಂಡೆ. ಹೆಚ್ಚು ಅಧ್ಯಯನ ನಡೆದಿರುವ ಜಾತಿಯಲ್ಲಿ ಬಂದ ಜೀವಕೋಶಗಳ ಸುಮಾರು ಐದರಲ್ಲೊಂದು ಪಾಲು ದಂಟಾಗುತ್ತವೆ. ದಂಟಾದವು ಸಾಯುತ್ತವೆ. ಉಳಿದವು ಅವುಗಳ ಹೆಗಲೇರಿ ಬೀಜಾಣುಗಳಾಗಿ, ಯಾವುದೋ ಪ್ರಾಣಿಯ ಕಾಲಿಗೋ ಮಳೆನೀರಿಗೋ ಅಂಟಿ ಬೇರೆ ಕಡೆ ಹೋಗಿ ಬದುಕುತ್ತವೆ.

ಇಲ್ಲಿಗೆ ಬಂದ ಕೂಡಲೇ ತ್ಯಾಗ ಎಂಬ ಮಾತು ಬರುತ್ತದೆ. ವಿಜ್ಞಾನಿಗಳೂ ಪರಾರ್ಥ, ಆತ್ಮಾರ್ಪಣೆ ಎಂಬಂಥ ಪದಗಳನ್ನೇ ಬಳಸುತ್ತಾರೆ. ಅದಕ್ಕೆ ಬಹುಕಾಲ ನಡೆದುಬಂದ ವಿವರಣೆ ಎಂದರೆ, ಅವೆಲ್ಲ ಒಂದೇ ತಾಯಿಯ ಮಕ್ಕಳು, ತಾನು ಸತ್ತರೂ ತನ್ನ ಕುಲ ಉಳಿಯುತ್ತದೆ ಎಂಬುದು. ಮುದುಮಲೆಯ ಮಣ್ಣು ಈ ವಿವರಣೆಗೆ ಸ್ವಲ್ಪ ತೊಡಕು ತಂದಿಟ್ಟಿತು. 2010ರಲ್ಲಿ ನಂಜುಂಡಯ್ಯನವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ಕಾಡಿನಿಂದ ಬಂದ ಮಾದರಿಗಳಲ್ಲಿ ಎದ್ದ ದಂಟುಗಳನ್ನು ಬಿಡಿಸಿ ನೋಡಿದಾಗ ಹೆಚ್ಚಿನವು ಒಂದೇ ವಂಶದವಾಗಿರಲಿಲ್ಲ. ಹಲವು ವಂಶಗಳು ಬೆರೆತು ಒಂದೇ ದಂಟನ್ನು ಕಟ್ಟಿದ್ದವು. ಅಣ್ಣತಮ್ಮಂದಿರ ಮನೆಯೆಂದುಕೊಂಡದ್ದು ವಠಾರವಾಗಿತ್ತು! ಪ್ರಯೋಗಾಲಯದಲ್ಲಿ ತಲೆಮಾರುಗಳಿಂದ ಸಾಕಿದ ಒಂದೇ ವಂಶದ ಅಮೀಬಾಗಳನ್ನು ನೋಡಿಕೊಂಡಿದ್ದರೆ ಇದು ಗೊತ್ತಾಗುತ್ತಿರಲಿಲ್ಲ. ಕಾಡು ಉಳಿದಿರಬೇಕಾಗಿತ್ತು, ಅಲ್ಲಿಗೆ ಯಾರಾದರೂ ಹೋಗಿ ಕೈಯಲ್ಲಿ ಮಣ್ಣು ಹಿಡಿಯಬೇಕಾಗಿತ್ತು.

ಹಾಗಾದರೆ ದಂಟಾಗುವವರು ಯಾರು? ನಾನು ಈ ವಿಷಯವನ್ನು ಬಿಡದೆ ಓದಿದ್ದು ಈ ಪ್ರಶ್ನೆಗಾಗಿ. 1973ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಒಂದು ಸರಳ ಪ್ರಯೋಗ ಮಾಡಿದ್ದರು. ಒಂದು ಗುಂಪಿನ ಅಮೀಬಾಗಳಿಗೆ ಸಕ್ಕರೆ ಬೆರೆಸಿದ ಆಹಾರ ಕೊಟ್ಟು ಬೆಳೆಸಿದರು, ಇನ್ನೊಂದಕ್ಕೆ ಸಕ್ಕರೆಯಿಲ್ಲದ್ದು. ಬಳಿಕ ಎರಡನ್ನೂ ಬೆರೆಸಿ ಉಪವಾಸ ಕೆಡವಿದರು. ಸಕ್ಕರೆ ಉಂಡವು ಹೆಚ್ಚಾಗಿ ಬೀಜಾಣುಗಳಾದವು. ಉಣ್ಣದವು ಹೆಚ್ಚಾಗಿ ದಂಟಾದವು. ಇದೊಂದೇ ಕಾರಣವಲ್ಲ, ಹಸಿವು ಬಂದ ಗಳಿಗೆಯಲ್ಲಿ ಜೀವಕೋಶ ಯಾವ ಘಟ್ಟದಲ್ಲಿತ್ತು ಎಂಬುದೂ ಸೇರುತ್ತದೆ. ಬೆಂಗಳೂರಿನ ತಂಡ ಜೀವಕೋಶದೊಳಗಿನ ಕ್ಯಾಲ್ಸಿಯಂ ಹೆಚ್ಚು ಕಡಿಮೆಯಾಗುವುದಕ್ಕೂ ಇದಕ್ಕೂ ಇರುವ ನಂಟನ್ನು ಹುಡುಕಿತು. ಯಾವುದೂ ಹಣೆಬರಹದಂತೆ ಮೊದಲೇ ಗೊತ್ತಾಗಿರುವುದಿಲ್ಲ, ಎಂಥ ಜೊತೆ ಸಿಕ್ಕಿತು ಎಂಬುದರ ಮೇಲೆ ಪಾಲು ಬದಲಾಗುತ್ತದೆ. ಆದರೂ ಸ್ಥೂಲವಾಗಿ ಹೇಳುವುದಾದರೆ, ಬರ ಬಂದಾಗ ಯಾರ ಹೊಟ್ಟೆಯಲ್ಲಿ ಕಡಿಮೆ ಇತ್ತೋ ಅವರ ಹೆಗಲ ಮೇಲೆ ಮಿಕ್ಕವರು ಹತ್ತುತ್ತಾರೆ.

ಇದನ್ನು ಓದಿದ ರಾತ್ರಿ ನನಗೆ ನಮ್ಮಮ್ಮನ ನೆನಪು ಬಂತು. ಒಂಬತ್ತು ಜನರ ಎಲೆ ಎತ್ತಿ, ಗೋಮಯ ಸಾರಿಸಿದ ಮೇಲೆ ಅವರ ಊಟ. ಪಾತ್ರೆಯ ತಳದ ಸಾರು, ಸೀದ ಅನ್ನದ ಚಕ್ಕೆ, ಹೋಳಿಲ್ಲದ ಹುಳಿ. ಅರವತ್ತು ತುಂಬುವಷ್ಟರಲ್ಲಿ ಅವರ ಮೂಳೆ ಹಪ್ಪಳವಾಗಿತ್ತು. ಮಹಿಳಾ ಸಮಾಜದ ಕಾರ್ಯಕ್ರಮಗಳಲ್ಲಿ ಅತಿಥಿಗಳು ತ್ಯಾಗಮಯಿ, ಸಹನಾಮೂರ್ತಿ ಎಂದು ಮಾತಾಡುವಾಗ ನಾವೆಲ್ಲ ತಲೆದೂಗುತ್ತೇವೆ. ನಮ್ಮಮ್ಮ ಯಾವತ್ತೂ ‘ನಾನು ತ್ಯಾಗ ಮಾಡುತ್ತೇನೆ’ ಎಂದು ಹೇಳಿದವರಲ್ಲ. ಯಾರೂ ಅವರನ್ನು ಕೇಳಿಯೂ ಇರಲಿಲ್ಲ. ಸರದಿ ಕೊನೆಗಿತ್ತು, ಅಷ್ಟೆ. ಅಮೀಬಾಕ್ಕೆ ಮನಸ್ಸಿಲ್ಲ, ಅದರ ಮೇಲೆ ನಮ್ಮ ಮನೆಯ ಕಥೆ ಹೇರಬಾರದು ಎಂದು ನಮ್ಮ ವಿಜ್ಞಾನದ ಮೇಡಂ ಹೇಳುತ್ತಾರೆ. ಹೇರುವುದಿಲ್ಲ. ಆದರೆ ತ್ಯಾಗ ಎಂಬ ಪದವನ್ನು ಅಲ್ಲಿಗೆ ಮೊದಲು ಹೊತ್ತುಕೊಂಡು ಹೋದದ್ದು ನಾನಲ್ಲವಲ್ಲ!

ಮತ್ತೆ ಕಾಡಿಗೆ ಬರೋಣ. 1972ರ ವನ್ಯಜೀವಿ ಕಾಯ್ದೆಯ ಪಟ್ಟಿಗಳಲ್ಲಿ ಹುಲಿಯಿದೆ, ನವಿಲಿದೆ, ಕೆಲವು ಗಿಡಗಳೂ ಇವೆ. ಲೋಳೆಬೂಷ್ಟು ಇಲ್ಲ. ಅದಕ್ಕಾಗಿ ಯಾವ ಕಾಡನ್ನೂ ಯಾರೂ ಕಾಯ್ದಿಟ್ಟಿಲ್ಲ, ಇಡುವುದೂ ಇಲ್ಲ. ಎಪ್ಪಿಂಗ್ ಕಾಡು ಉಳಿದದ್ದು ಜನರ ವಿಹಾರಕ್ಕೆ, ಜಪಾನಿನ ಕಾಡುಗಳು ದೇವರಿಗೆ, ಮುದುಮಲೆ ಆನೆ ಹುಲಿಗಳಿಗೆ. ಅವುಗಳ ನೆರಳಿನಲ್ಲಿ ಇವು ಬಾಳಿವೆ. ನೆರಳು ಹೋದರೆ ಇವು ಹೋದದ್ದು ಲೆಕ್ಕಕ್ಕೂ ಸಿಗುವುದಿಲ್ಲ, ಯಾಕೆಂದರೆ ಹೆಚ್ಚಿನ ಕಡೆ ಇದ್ದದ್ದನ್ನೇ ಬರೆದಿಟ್ಟಿಲ್ಲ. 2021ರಲ್ಲಿ ಕೆಂಗೇರಿಯ ಆಚೆಯ ತುರಹಳ್ಳಿ ಕಾಡಿನಲ್ಲಿ ವೃಕ್ಷೋದ್ಯಾನ ಮಾಡುತ್ತಾರೆಂಬ ಸುದ್ದಿ ಬಂದಾಗ ಸುತ್ತಲಿನ ಜನ ಫಲಕ ಹಿಡಿದು ನಿಂತರು. ಕಾಡನ್ನು ಪಾರ್ಕು ಮಾಡಬೇಡಿ ಎಂಬುದು ಅವರ ಮಾತು. ಪಾರ್ಕಿನಲ್ಲಿ ಮೊದಲು ಗುಡಿಸಿ ತೆಗೆಯುವುದೇ ತರಗೆಲೆಯನ್ನು, ಬಿದ್ದ ಮರವನ್ನು. ಹಸಿರು ಹಾಗೇ ಇರುತ್ತದೆ, ಮನೆ ಮಾತ್ರ ಇರುವುದಿಲ್ಲ.

ಊಟಿಗೆ ಹೋಗುವಾಗ ನೀವು ಬಂಡೀಪುರ, ಮುದುಮಲೆಗಳನ್ನು ಹಾದೇ ಹೋಗಿರುತ್ತೀರಿ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂಡೀಪುರದಲ್ಲಿ ವಾಹನ ಬಿಡದಿರುವ ಕ್ರಮ 2009ರಿಂದ ಬಂದದ್ದು. ಹಗಲಲ್ಲಿ ಹೋದರೂ ಅಲ್ಲಿ ಇಳಿದು ಮಣ್ಣು ಕೆದಕಲು ಹೋಗಬೇಡಿ. ಇಳಿಯುವುದು ನಿಷಿದ್ಧ, ಆನೆಗಳಿಗೂ ಇಷ್ಟವಾಗುವುದಿಲ್ಲ. ಅದರ ಬದಲು ನಿಮ್ಮ ಬೀದಿಯ ಹಳೆಯ ಮರವೊಂದರಿಂದ, ಹೊಂಗೆಯೋ ಮಾವೋ, ತಾನಾಗಿ ಬಿಟ್ಟುಕೊಂಡ ಒರಟು ತೊಗಟೆಯ ನಾಲ್ಕು ಚೂರು ತನ್ನಿ. 1933ರಲ್ಲಿ ಅಮೆರಿಕದ ಇಬ್ಬರು ವಿದ್ವಾಂಸರು ಜೀವಂತ ಮರಗಳ ತೊಗಟೆಯಲ್ಲೂ ಲೋಳೆಬೂಷ್ಟು ಅಡಗಿರುತ್ತದೆ ಎಂದು ಕಂಡುಕೊಂಡದ್ದು ಹೀಗೆಯೇ. ಮುಚ್ಚಳವಿರುವ ಅಗಲ ಡಬ್ಬಿಯ ತಳಕ್ಕೆ ಬಿಳಿ ಕಾಗದ ಹಾಸಿ, ಚೂರುಗಳನ್ನಿಟ್ಟು, ಕುದಿಸಿ ಆರಿಸಿದ ನೀರನ್ನು ಅವು ಮುಳುಗುವಷ್ಟು ಹೊಯ್ಯಿರಿ. ಮರುದಿನ ಹೆಚ್ಚಿನ ನೀರನ್ನು ಬಸಿದು, ಬಿಸಿಲು ಬೀಳದ ಕಿಟಕಿಯಲ್ಲಿಡಿ. ಒಣಗದಂತೆ ಆಗಾಗ ನಾಲ್ಕು ಹನಿ ಚಿಮುಕಿಸಿ. ಎರಡು ಮೂರು ವಾರ ದಿನಕ್ಕೊಮ್ಮೆ ಭೂತಗನ್ನಡಿ ಹಿಡಿದು ನೋಡಿ. ಎಲ್ಲ ಡಬ್ಬಿಯಲ್ಲೂ ಬರುವುದಿಲ್ಲ. ನಮ್ಮ ಶಾಲೆಯಲ್ಲಿ ಮಕ್ಕಳಿಟ್ಟ ಆರು ಡಬ್ಬಿಗಳಲ್ಲಿ ಎರಡರಲ್ಲಿ ಬಂತು, ಮೂರರಲ್ಲಿ ಬರೀ ಸಾಮಾನ್ಯ ಬೂಷ್ಟು ಹಿಡಿಯಿತು, ಒಂದನ್ನು ಆಯಮ್ಮ ತೊಳೆದಿಟ್ಟಳು. ಹೀಗಾಗಿ ಡಬ್ಬಿಯ ಮೇಲೆ ಮರದ ಹೆಸರು, ಬೀದಿ, ತಾರೀಖು ಇವಿಷ್ಟನ್ನೂ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಕೆಳಗೆ ನಿಮ್ಮ ಹೆಸರನ್ನೂ.